ಬಾಯಲ್ಲಿ ಚೀಟಿ, ಹಣೆಯಲ್ಲಿ ಅಕ್ಷರ: ಸಿಂಪ್ಸನ್ಸ್ ಕಂತಿನ ಗೋಲೆಮ್ ಎಲ್ಲಿಂದ ಬಂದ?

ಪ್ರಶ್ನೆ: ಆರನೇ ತರಗತಿಯ ಮಗಳ ಜೊತೆ ಕೂತು ‘ದ ಸಿಂಪ್ಸನ್ಸ್’ನ ಹಳೆಯ ಹ್ಯಾಲೋವೀನ್ ಕಂತೊಂದನ್ನು ನೋಡಿದೆ. ಅದರಲ್ಲಿ ಗೋಲೆಮ್ ಎಂಬ ಮಣ್ಣಿನ ಆಳೊಬ್ಬನ ಬಾಯಿಗೆ ಚೀಟಿ ತುರುಕಿದರೆ, ಚೀಟಿಯಲ್ಲಿ ಬರೆದದ್ದನ್ನೆಲ್ಲ ಮಾಡುತ್ತಾನೆ. ಇದು ಯಹೂದಿಗಳಲ್ಲಿ ನಿಜವಾಗಿ ಇರುವ ಕಥೆಯೋ, ಕಾರ್ಟೂನಿನವರು ಕಟ್ಟಿದ್ದೋ? ಬೇರೆ ಕಡೆ ಅವನ ಹಣೆಯ ಮೇಲೆ ಅಕ್ಷರ ನೋಡಿದ ನೆನಪು. ಯಾವುದು ಸರಿ? ಮಗಳು ಕ್ಲೇನಲ್ಲಿ ಗೋಲೆಮ್ ಮಾಡಿ ಮೊಬೈಲ್‌ನಲ್ಲಿ ಸ್ಟಾಪ್ ಮೋಷನ್ (ಒಂದೊಂದೇ ಫೋಟೊ ಜೋಡಿಸಿ ಮಾಡುವ ಸಿನೆಮಾ) ತೆಗೆಯಬೇಕೆಂದು ಹಟ ಹಿಡಿದಿದ್ದಾಳೆ. ಅವಳು ಏನು ಬರೆಯಬಹುದು, ಏನು ಬರೆಯಬಾರದು?

ಉತ್ತರ: ನೀವು ನೋಡಿದ್ದು 2006ರ ನವೆಂಬರ್ 5ರಂದು ಪ್ರಸಾರವಾದ ‘ಟ್ರೀಹೌಸ್ ಆಫ್ ಹಾರರ್’ ಸರಣಿಯ 17ನೆಯ ಕಂತು. ಅದರ ಮೂರು ತುಣುಕುಗಳಲ್ಲಿ ಎರಡನೆಯದು ಗೋಲೆಮ್‌ನದು. ಬಾರ್ಟ್ ಹುಡುಗನಿಗೆ ಕ್ರಸ್ಟಿ ಎಂಬ ಟಿವಿ ವಿದೂಷಕನ ಬಳಿ ಬಿದ್ದಿದ್ದ ಗೋಲೆಮ್ ಕಣ್ಣಿಗೆ ಬೀಳುತ್ತಾನೆ. ಅವನನ್ನು ತನ್ನವನನ್ನಾಗಿ ಮಾಡಿಕೊಂಡು, ತನಗೆ ಆಗದವರ ಮೇಲೆಲ್ಲ ಛೂ ಬಿಡುತ್ತಾನೆ. ತಂಗಿ ಲೀಸಾ ‘ಮಾತಾಡು’ ಎಂಬ ಚೀಟಿ ಹಾಕಿದಾಗ, ಮಾಡಿದ ತಪ್ಪುಗಳ ಭಾರಕ್ಕೆ ಅವನು ಕುಗ್ಗಿಹೋಗಿದ್ದಾನೆಂದು ತಿಳಿಯುತ್ತದೆ. ಕೊನೆಗೆ ಮಕ್ಕಳು ಆಟದ ಮಣ್ಣಿನಲ್ಲಿ ಅವನಿಗೊಬ್ಬ ಹೆಂಡತಿಯನ್ನು ಮಾಡಿಕೊಡುತ್ತಾರೆ. ಗೋಲೆಮ್‌ಗೆ ದನಿ ಕೊಟ್ಟವರು ರಿಚರ್ಡ್ ಲೂಯಿಸ್, ಹೆಣ್ಣು ಗೋಲೆಮ್‌ಗೆ ಫ್ರಾನ್ ಡ್ರೆಶರ್. ಕ್ರಸ್ಟಿಯ ಬಳಿ ಗೋಲೆಮ್ ಇರುವುದಕ್ಕೂ ಕಾರಣವಿದೆ. ಅವನ ನಿಜವಾದ ಹೆಸರು ಹೆರ್ಶೆಲ್ ಕ್ರಸ್ಟೋಫ್ಸ್ಕಿ, ಅವನು ಒಬ್ಬ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ, ಮಗ. ಈ ವಿಷಯ 1991ರ ಕಂತೊಂದರಲ್ಲೇ ಬಂದಿತ್ತು.

ಕಥೆ ನಿಜವಾಗಿಯೂ ಯಹೂದಿಗಳದ್ದೇ. ಚೀಟಿಯೂ ಸರಿ, ಹಣೆಯ ಅಕ್ಷರವೂ ಸರಿ. ಆದರೆ ಅವು ಎರಡು ಬೇರೆ ಊರುಗಳ ಕಥೆಗಳಿಂದ ಬಂದವು. ಕಂತು ಮಾಡಿರುವ ಮುಖ್ಯ ಬದಲಾವಣೆ ಚೀಟಿಯಲ್ಲೇ ಇದೆ, ಅದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಕಥೆಯಲ್ಲಿ ಚೀಟಿ ಎಂದರೆ ಜೀವ. ಅದರಲ್ಲಿರುವುದು ದೇವರ ಹೆಸರು. ಏನು ಮಾಡಬೇಕೆಂಬುದನ್ನು ಯಜಮಾನ ಬಾಯಿಮಾತಿನಲ್ಲಿ ಹೇಳುತ್ತಾನೆ. ಕಂತಿನಲ್ಲಿ ಚೀಟಿ ಎಂದರೆ ಆಜ್ಞೆ. ಒಂದು ಗಡಿಯಾರದ ಸೆಲ್ಲು, ಇನ್ನೊಂದು ಅದಕ್ಕೆ ಇಟ್ಟ ಅಲಾರಂ ಎಂದು ಮಗಳಿಗೆ ಹೇಳಿದರೆ ಅರ್ಥವಾಗುತ್ತದೆ. ಇವೆರಡನ್ನೂ ಒಂದೇ ಕಾಗದಕ್ಕೆ ಇಳಿಸಿದ್ದರಿಂದಲೇ ಬಾರ್ಟ್‌ನಂಥ ಪೋರನ ಕೈಗೂ ಗೋಲೆಮ್ ಸಿಗುವಂತಾಯಿತು. ಹಳೆಯ ಕಥೆಯಲ್ಲಿ ಆ ಕಾಗದ ಬರೆಯಲು ಜೀವಮಾನದ ಓದು, ಉಪವಾಸ, ಶುದ್ಧಿ ಎಲ್ಲ ಬೇಕು. ಕಂತಿನಲ್ಲಿ ಒಂದು ಪೆನ್ನು ಸಾಕು.

ಮೊದಲು ಬೇರಿಗೆ ಹೋಗೋಣ. ‘ಗೋಲೆಮ್’ ಎಂದರೆ ಇನ್ನೂ ರೂಪ ತಳೆಯದ ಮುದ್ದೆ. ಹೀಬ್ರೂ ಬೈಬಲ್‌ನಲ್ಲಿ ಈ ಪದ ಬರುವುದು ಒಂದೇ ಒಂದು ಕಡೆ, 139ನೆಯ ಕೀರ್ತನೆಯ 16ನೆಯ ವಚನದಲ್ಲಿ. ತಾಲ್ಮೂದ್ ಎಂಬ ಧರ್ಮಚರ್ಚೆಯ ಮಹಾಗ್ರಂಥದ ಸನ್ಹೆದ್ರಿನ್ ಭಾಗ ಆದಾಮನ ಮೊದಲ ದಿನವನ್ನು ಗಂಟೆಗಂಟೆಗೆ ಬಿಡಿಸಿ ಹೇಳುತ್ತದೆ: ಮೊದಲ ಗಂಟೆಯಲ್ಲಿ ಮಣ್ಣು ಕೂಡಿಸಿದ್ದು, ಎರಡನೆಯದರಲ್ಲಿ ಅದು ಗೋಲೆಮ್ ಆದದ್ದು, ಮೂರನೆಯದರಲ್ಲಿ ಕೈಕಾಲು ಚಾಚಿದ್ದು, ನಾಲ್ಕನೆಯದರಲ್ಲಿ ಪ್ರಾಣ ತುಂಬಿದ್ದು. ಅಂದರೆ ನಾವೆಲ್ಲರೂ ಒಂದು ಗಂಟೆ ಕಾಲ ಗೋಲೆಮ್ ಆಗಿದ್ದವರೇ.

ಅದೇ ಭಾಗದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ರಾವಾ ಎಂಬ ಪಂಡಿತ ಒಬ್ಬ ಮನುಷ್ಯನನ್ನು ಸೃಷ್ಟಿಸಿ ರಬ್ ಝೇರಾ ಎಂಬ ಇನ್ನೊಬ್ಬ ಪಂಡಿತನ ಬಳಿ ಕಳಿಸುತ್ತಾನೆ. ಝೇರಾ ಮಾತಾಡಿಸುತ್ತಾನೆ; ಉತ್ತರವಿಲ್ಲ. ‘ನೀನು ನಮ್ಮ ಸಂಗಡಿಗರು ಮಾಡಿದವನು, ಮಣ್ಣಿಗೆ ಮರಳು’ ಎನ್ನುತ್ತಾನೆ. ಕಥೆ ಅಷ್ಟೇ. ಅದರ ಪಕ್ಕದಲ್ಲೇ, ಇಬ್ಬರು ಪಂಡಿತರು ಪ್ರತಿ ಶುಕ್ರವಾರ ಸೃಷ್ಟಿಯ ವಿದ್ಯೆ ಓದಿ ಒಂದು ಕರುವನ್ನು ಮಾಡಿ ಊಟಕ್ಕೆ ಬಳಸುತ್ತಿದ್ದರೆಂದೂ ಇದೆ. ಕರುವನ್ನು ಮಾಡಿದ್ದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಮನುಷ್ಯನನ್ನು ಮಾಡಲು ಹೋದಾಗ ಮಾತ್ರ ಒಂದು ಕೊರತೆ ಉಳಿಯಿತು: ಮಾತು. ಮುಂದಿನ ಹೆಚ್ಚುಕಡಿಮೆ ಎಲ್ಲ ಗೋಲೆಮ್‌ಗಳು ಮೂಕರಾಗಿರುವುದು ಇಲ್ಲಿಂದ.

ಮಾಡುವ ಕ್ರಮ ಸಿಗುವುದು ಮಧ್ಯಯುಗದ ಜರ್ಮನಿಯಲ್ಲಿ, ವರ್ಮ್ಸ್ ಪಟ್ಟಣದ ಎಲಿಯಾಜರ್ ಎಂಬ ರಬ್ಬಿಯ ಬರಹದಲ್ಲಿ. ಅವರು ತೀರಿಕೊಂಡದ್ದು 1238ರ ಸುಮಾರಿಗೆ. ಯಾರೂ ಅಗೆಯದ ಬೆಟ್ಟದ ಮಣ್ಣು ಬೇಕು. ಅದನ್ನು ಹರಿಯುವ ಒರತೆಯ ನೀರಿನಲ್ಲಿ ನಾದಬೇಕು, ನಿಂತ ನೀರು ಸಲ್ಲದು. ಒಬ್ಬನೇ ಮಾಡಬಾರದು, ಜೊತೆಗಾರರಿರಬೇಕು. ಆಮೇಲೆ ಒಂದೊಂದು ಅಂಗದ ಮೇಲೂ ಹೀಬ್ರೂ ಅಕ್ಷರಗಳನ್ನು ಜೋಡಿ ಜೋಡಿಯಾಗಿ ಉಚ್ಚರಿಸುತ್ತ ಹೋಗಬೇಕು. ಇದಕ್ಕೆ ಆಧಾರ ‘ಸೇಫರ್ ಯೆತ್ಸಿರಾ’ ಎಂಬ ಹಳೆಯ ಕಿರುಗ್ರಂಥ. 22 ಅಕ್ಷರಗಳಲ್ಲಿ ಪ್ರತಿಯೊಂದನ್ನೂ ಉಳಿದ 21ರ ಜೊತೆ ಕೂಡಿಸಿ, ಅದೇ ಜೋಡಿ ಎರಡು ಸಲ ಬಾರದಂತೆ ಎಣಿಸಿದರೆ 231 ಜೋಡಿಗಳಾಗುತ್ತವೆ. ಅವುಗಳಿಗೆ ‘231 ಬಾಗಿಲುಗಳು’ ಎಂದೇ ಹೆಸರು. ಗಣಿತದಲ್ಲಿ ಆಸಕ್ತಿಯಿದ್ದರೆ ಮಗಳೇ ಲೆಕ್ಕ ಹಾಕಿ ನೋಡಲಿ. ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿದರೆ ಮಾಡಿದ್ದು ಮತ್ತೆ ಮಣ್ಣಾಗುತ್ತದೆ. ಗಮನಿಸಿ, ಇಲ್ಲಿ ಚೀಟಿಯೇ ಇಲ್ಲ. ಎಲ್ಲವೂ ಉಚ್ಚಾರ. ಗಣೇಶ ಚೌತಿಯ ಪ್ರಾಣಪ್ರತಿಷ್ಠೆ ನೆನಪಾಗಬಹುದು. ಆದರೆ ಅಲ್ಲಿ ನಾವು ದೇವರನ್ನು ಮೂರ್ತಿಗೆ ಕರೆಯುತ್ತೇವೆ. ಇಲ್ಲಿ ಗೋಲೆಮ್‌ನೊಳಕ್ಕೆ ಯಾರೂ ಬರುವುದಿಲ್ಲ, ಅವನಿಗೆ ಪೂಜೆಯೂ ಇಲ್ಲ. ಅವನು ಬರೀ ಆಳು.

ಇನ್ನು ಹಣೆಯ ಅಕ್ಷರ. ಅದು ಪೋಲೆಂಡ್ ಕಡೆಯ ಕಥೆ. 1583ರಲ್ಲಿ ತೀರಿಕೊಂಡ ಹೆಲ್ಮ್ ಪಟ್ಟಣದ ರಬ್ಬಿ ಎಲೈಜಾ ಅವರ ಸುತ್ತ ಬೆಳೆದದ್ದು. 1808ರಲ್ಲಿ ಜರ್ಮನ್ ಜನಪದ ಕಥೆಗಳ ಸಂಗ್ರಾಹಕ ಯಾಕೋಬ್ ಗ್ರಿಮ್ ಪೋಲೆಂಡ್ ಯಹೂದಿಗಳ ಗೋಲೆಮ್ ಕಥೆಯೊಂದನ್ನು ಜರ್ಮನ್ ಪತ್ರಿಕೆಯಲ್ಲಿ ಬರೆದರು. ಉಪವಾಸ ಮಾಡಿ, ಪ್ರಾರ್ಥಿಸಿ, ಮಣ್ಣಿನ ಮನುಷ್ಯನನ್ನು ಮಾಡುತ್ತಾರೆ. ಹೇಳಿದ್ದು ಅವನಿಗೆ ತಿಳಿಯುತ್ತದೆ, ತಿರುಗಿ ಮಾತಾಡಲಾರ. ಮನೆಗೆಲಸಕ್ಕಷ್ಟೇ, ಹೊರಗೆ ಬಿಡುವಂತಿಲ್ಲ. ಹಣೆಯ ಮೇಲೆ ‘ಎಮೆತ್’, ಅಂದರೆ ಸತ್ಯ. ತೊಂದರೆ ಏನೆಂದರೆ ಅವನು ದಿನದಿನಕ್ಕೆ ಬೆಳೆಯುತ್ತಾನೆ. ಮನೆಮಂದಿಗೆ ಹೆದರಿಕೆಯಾದಾಗ ಮೊದಲ ಅಕ್ಷರ ಅಳಿಸಿದರಾಯಿತು. ಉಳಿಯುವುದು ‘ಮೆತ್’, ಸತ್ತ ಎಂದು. ಅವನು ಕುಸಿದು ಮಣ್ಣಾಗುತ್ತಾನೆ. ಒಬ್ಬ ಯಜಮಾನ ಮೈಮರೆತು ಬೆಳೆಯಲು ಬಿಟ್ಟ. ಹಣೆಗೆ ಕೈ ಎಟುಕದಷ್ಟು ಎತ್ತರವಾದ ಮೇಲೆ ಉಪಾಯ ಹೂಡಿ ‘ನನ್ನ ಬೂಟು ಬಿಚ್ಚು’ ಎಂದ. ಗೋಲೆಮ್ ಬಗ್ಗಿದ, ಯಜಮಾನ ಅಕ್ಷರ ಅಳಿಸಿದ. ಅಷ್ಟೂ ಮಣ್ಣು ಅವನ ಮೇಲೇ ಬಿದ್ದು ಅವನು ಸತ್ತ. ನನ್ನನ್ನು ಕೇಳಿದರೆ ಗೋಲೆಮ್ ಕಥೆಗಳಲ್ಲೆಲ್ಲ ಅತ್ಯುತ್ತಮ ಅಂತ್ಯ ಇದೇ. ಮಾಂತ್ರಿಕ ತಪ್ಪಿನಿಂದ ಅಲ್ಲ, ಬರೀ ತೂಕದಿಂದ ಸಾವು.

ಬಾಯಿಯ ಚೀಟಿ ಪ್ರಾಗ್ ನಗರದ್ದು. ಕಥಾನಾಯಕ ರಬ್ಬಿ ಯೆಹೂದಾ ಲೋವ್, ‘ಮಹರಾಲ್’ ಎಂದೇ ಪ್ರಸಿದ್ಧರು. ಇವರು ನಿಜವಾಗಿ ಬದುಕಿದ್ದವರು: 1592ರಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫ್‌ನನ್ನು ಭೇಟಿಯಾದರು, 1609ರಲ್ಲಿ ತೀರಿಕೊಂಡರು. ಅವರ ಸಮಾಧಿ ಪ್ರಾಗ್‌ನ ಹಳೆಯ ಯಹೂದಿ ಸ್ಮಶಾನದಲ್ಲಿದೆ. ಆದರೆ ಅವರ ಗ್ರಂಥಗಳಲ್ಲಿ ಗೋಲೆಮ್ ಮಾಡಿದ ಸುದ್ದಿ ಇಲ್ಲ. ಚಕ್ರವರ್ತಿಯ ಭೇಟಿಯನ್ನು ದಾಖಲಿಸಿದ ಸಮಕಾಲೀನ ಚರಿತ್ರೆಕಾರ ಡೇವಿಡ್ ಗಾನ್ಸ್ ಕೂಡ ಆ ಮಾತೆತ್ತುವುದಿಲ್ಲ. ಅವರ ಹೆಸರಿಗೆ ಗೋಲೆಮ್ ಅಂಟಿಕೊಂಡದ್ದು ಮುದ್ರಣದಲ್ಲಿ ಕಾಣುವುದು ಅವರು ಹೋಗಿ ಇನ್ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1830ರ ದಶಕದಿಂದ ಈಚೆಗೆ. 1847ರಲ್ಲಿ ಪ್ರಾಗ್‌ನಲ್ಲಿ ಅಚ್ಚಾದ ಕಥಾಸಂಗ್ರಹವೊಂದು ಅದನ್ನು ಊರೂರಿಗೆ ಹರಡಿತು.

ಆ ಕಥೆಯ ಯಂತ್ರ ಸರಳ. ದೇವರ ಗುಪ್ತನಾಮ ಬರೆದ ಚೀಟಿಗೆ ‘ಶೇಮ್’ ಎಂದು ಹೆಸರು. ಬಾಯಲ್ಲಿಟ್ಟರೆ ಗೋಲೆಮ್ ಏಳುತ್ತಾನೆ, ತೆಗೆದರೆ ಬೊಂಬೆ. ಶುಕ್ರವಾರ ಸೂರ್ಯ ಮುಳುಗುತ್ತಿದ್ದಂತೆ ಸಬ್ಬತ್ ಶುರು. ಆ ದಿನ ಆಳಿಗೂ ಎತ್ತಿಗೂ ಬಿಡುವು ಎಂಬುದು ನಿಯಮವಾದ್ದರಿಂದ ಅಷ್ಟರೊಳಗೆ ಚೀಟಿ ತೆಗೆಯಬೇಕು. ಒಂದು ಶುಕ್ರವಾರ ರಬ್ಬಿ ಮರೆತರು. ಗೋಲೆಮ್ ಕೆರಳಿ ಸಿಕ್ಕಿದ್ದನ್ನೆಲ್ಲ ಒಡೆಯತೊಡಗಿದ. ಹಳೆ-ಹೊಸ ಸಿನಗಾಗ್ ಎಂಬ ಪ್ರಾರ್ಥನಾಮಂದಿರದಲ್ಲಿ ಆಗ ಸಬ್ಬತ್‌ನ ಹಾಡಾದ 92ನೆಯ ಕೀರ್ತನೆ ನಡೆದಿತ್ತು. ರಬ್ಬಿ ಓಡಿಹೋಗಿ ಚೀಟಿ ಕಿತ್ತು ಬಂದ ಮೇಲೆ ಕೀರ್ತನೆಯನ್ನು ಮೊದಲಿನಿಂದ ಹಾಡಿಸಿದರು. ಆ ಮಂದಿರದಲ್ಲಿ ಅದನ್ನು ಎರಡು ಸಲ ಹೇಳುವ ರೂಢಿಗೆ ಜನ ಕೊಡುವ ಕಾರಣ ಇದು. ಗೋಲೆಮ್‌ನ ಅವಶೇಷ ಅದೇ ಮಂದಿರದ ಅಟ್ಟದಲ್ಲಿದೆಯೆಂಬ ನಂಬಿಕೆ. ಸುಮಾರು 1270ರ ಕಟ್ಟಡ ಅದು, ಈಗಲೂ ಪ್ರಾರ್ಥನೆ ನಡೆಯುತ್ತದೆ. ಅಟ್ಟಕ್ಕೆ ಹತ್ತುವ ಕಬ್ಬಿಣದ ಮೆಟ್ಟಿಲು ಹೊರಗೋಡೆಯಲ್ಲೇ ಕಾಣುತ್ತದೆ. ಪತ್ರಕರ್ತ ಎಗಾನ್ ಎರ್ವಿನ್ ಕಿಶ್ ಹತ್ತಿ ನೋಡಿ, ಗೋಲೆಮ್ ಇಲ್ಲವೆಂದು ಬರೆದರು. ಅದರಿಂದ ಅಟ್ಟದ ಕಥೆ ಸೊರಗಲಿಲ್ಲ.

‘ಯಹೂದಿ ಕೇರಿಯ ಕಾವಲುಗಾರ’ ಎಂಬ ಈಗ ಎಲ್ಲರಿಗೂ ಗೊತ್ತಿರುವ ರೂಪ ಇನ್ನೂ ಈಚಿನದು. 1909ರಲ್ಲಿ ಯೂಡಲ್ ರೋಸೆನ್‌ಬರ್ಗ್ ಎಂಬ ಪೋಲೆಂಡಿನ ರಬ್ಬಿ, ಹಳೆಯ ಹಸ್ತಪ್ರತಿ ಸಿಕ್ಕಿತೆಂದು ಹೇಳಿ ಒಂದು ಪುಸ್ತಕ ಪ್ರಕಟಿಸಿದರು. ಹಸ್ತಪ್ರತಿ ಇರಲಿಲ್ಲ, ಕಥೆಗಳು ಅವರವೇ. ಯಹೂದಿಗಳು ಹಬ್ಬಕ್ಕಾಗಿ ಕ್ರೈಸ್ತ ಮಕ್ಕಳನ್ನು ಕೊಲ್ಲುತ್ತಾರೆಂಬ ಸುಳ್ಳು ಆಪಾದನೆ ಆ ಕಾಲದಲ್ಲಿ ಮತ್ತೆ ತಲೆಯೆತ್ತಿತ್ತು. ಪ್ರಾಗ್ ಇರುವ ಬೊಹೀಮಿಯಾ ಪ್ರಾಂತ್ಯದ ಪೋಲ್ನಾ ಊರಲ್ಲಿ 1899ರಲ್ಲಿ ಹಿಲ್ಸ್‌ನರ್ ಎಂಬ ಯುವಕನನ್ನು ಇಂಥದೇ ಪ್ರಕರಣದಲ್ಲಿ ಸಿಕ್ಕಿಸಿದ್ದರು. ತಮ್ಮ ಕಾಲದ ಭಯವನ್ನು ರೋಸೆನ್‌ಬರ್ಗ್ 1580ರ ಪ್ರಾಗ್‌ಗೆ ಒಯ್ದರು. ಅವರ ಕಥೆಯಲ್ಲಿ ನಡುರಾತ್ರಿ ಕಳೆದ ಮೇಲೆ ಮೂವರು ನದಿಯ ದಂಡೆಗೆ ಹೋಗುತ್ತಾರೆ: ಮಹರಾಲ್, ಅವರ ಅಳಿಯ, ಒಬ್ಬ ಶಿಷ್ಯ. ಮೂರು ಮೊಳ ಉದ್ದದ ಆಕೃತಿ ಮಾಡಿ ಅಂಗಾತ ಮಲಗಿಸುತ್ತಾರೆ. ಅಳಿಯ ಏಳು ಸುತ್ತು ಬಂದಾಗ ಮಣ್ಣು ಕೆಂಡದಂತೆ ಕೆಂಪಾಗುತ್ತದೆ. ಶಿಷ್ಯ ಏಳು ಸುತ್ತು ಬಂದಾಗ ಅದು ಆರಿ ಹಬೆ ಏಳುತ್ತದೆ, ಕೂದಲು ಉಗುರು ಮೂಡುತ್ತವೆ. ರಬ್ಬಿಯೂ ಏಳು ಸುತ್ತು ಮುಗಿಸಿದ ಮೇಲೆ, ದೇವರು ಮಣ್ಣಿನ ಮನುಷ್ಯನಿಗೆ ಉಸಿರೂದಿದ ಬೈಬಲ್ ವಚನ (ಆದಿಕಾಂಡ 2:7) ಹೇಳಿದಾಗ ಗೋಲೆಮ್ ಕಣ್ಣು ಬಿಡುತ್ತಾನೆ. ಹೋಗುವಾಗ ಮೂವರು, ಬರುವಾಗ ನಾಲ್ವರು. ಹೆಸರು ಯೋಸೆಫ್, ಮುದ್ದಿಗೆ ಯೋಸೆಲೆ.

ರೋಸೆನ್‌ಬರ್ಗ್‌ರ ಒಂದು ನಿಯಮ ನಿಮ್ಮ ಕಂತಿಗೆ ನೇರ ಸಂಬಂಧಿಸಿದ್ದು. ಗೋಲೆಮ್ ಇರುವುದು ಜನರನ್ನು ಕಾಯಲು. ಸ್ವಂತ ಕೆಲಸಕ್ಕೆ ಬಳಸುವಂತಿಲ್ಲ. ಪಾಸ್‌ಓವರ್ ಹಬ್ಬದ ಹಿಂದಿನ ದಿನ ರಬ್ಬಿಯ ಹೆಂಡತಿ ಪೆರ್ಲ್ ಕೆಲಸದ ಒತ್ತಡದಲ್ಲಿ ನಿಯಮ ಮೀರಿ, ಹಂಡೆಗಳಿಗೆ ನೀರು ತುಂಬಲು ಹೇಳುತ್ತಾಳೆ. ತುಂಬಿದ ಮೇಲೆ ನಿಲ್ಲಿಸು ಎಂದು ಹೇಳುವವರಿಲ್ಲ. ಅವನು ಹೊತ್ತು ತರುತ್ತಲೇ ಇರುತ್ತಾನೆ, ಮನೆಯೆಲ್ಲ ಕೆರೆ. ನಮ್ಮ ಪಾರ್ವತಿ ಮೈಮಣ್ಣಿನಿಂದ ಮಾಡಿ ಬಾಗಿಲಲ್ಲಿ ನಿಲ್ಲಿಸಿದ ಹುಡುಗ ‘ಯಾರನ್ನೂ ಬಿಡಬೇಡ’ ಎಂಬ ಮಾತನ್ನು ಶಿವನಿಗೂ ಅನ್ವಯಿಸಿದ್ದು ನೆನಪಾಗದೆ ಇರದು. ಮಾಡಿದ ಆಳಿನಲ್ಲಿ ದುಷ್ಟತನವಿಲ್ಲ, ಹೇಳಿದ ಮಾತಿನಲ್ಲಿ ‘ಇಷ್ಟು ಸಾಕು’ ಇಲ್ಲ. ಬಾರ್ಟ್ ಮಾಡುವುದು ಪೆರ್ಲ್ ಮಾಡಿದ್ದನ್ನೇ. ವ್ಯತ್ಯಾಸ, ಪೆರ್ಲ್‌ಗೆ ಹಬ್ಬದ ಅವಸರ, ಬಾರ್ಟ್‌ಗೆ ಸೇಡು.

ಲೀಸಾಳ ಚೀಟಿಯನ್ನು ನಾನು ಈ ತುಣುಕಿನ ಅತ್ಯಂತ ಜಾಣ ಕ್ಷಣ ಎನ್ನುತ್ತೇನೆ. ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲ ಗೋಲೆಮ್‌ಗೂ ಮನುಷ್ಯನಿಗೂ ಗಡಿಯಾಗಿದ್ದದ್ದು ಮಾತು. ಕಂತು ಅದನ್ನೇ ಒಂದು ಆಜ್ಞೆಯಾಗಿಸಿ ಬಾಯಿಗೆ ತುರುಕಿತು. ಬಾಯಿ ಬಿಟ್ಟೊಡನೆ ಹೊರಬಿದ್ದದ್ದು ದೈತ್ಯನ ಗರ್ಜನೆಯಲ್ಲ, ತನ್ನ ತಪ್ಪನ್ನೇ ಕೆದಕಿಕೊಂಡು ನರಳುವ ನ್ಯೂಯಾರ್ಕ್ ಯಹೂದಿ ಹಾಸ್ಯಗಾರನ ದನಿ. ಲೂಯಿಸ್ ವೇದಿಕೆಯಲ್ಲಿ ಪ್ರಸಿದ್ಧರಾದದ್ದೇ ಆ ಕೊರಗಿನ ಹಾಸ್ಯಕ್ಕೆ. ಪ್ರಾಗ್‌ನ ಕಾವಲುಗಾರ ಅಮೆರಿಕಕ್ಕೆ ವಲಸೆ ಹೋದ ಮೇಲೆ ಏನಾದ ಎಂಬುದಕ್ಕೆ ಇದು ಒಳಗಿನವರೇ ಮಾಡಿಕೊಂಡ ತಮಾಷೆ. ಹಾಗಾಗಿ ಇದರಲ್ಲಿ ಅವಹೇಳನ ಹುಡುಕಬೇಕಿಲ್ಲ. ಮಾತಾಡುವ ಗೋಲೆಮ್ ಪೂರ್ತಿ ಹೊಸತೂ ಅಲ್ಲ. 13ನೆಯ ಶತಮಾನದ ಒಂದು ಕಥೆಯಲ್ಲಿ ಪ್ರವಾದಿ ಯೆರೆಮೀಯ ಮಾಡಿದ ಮನುಷ್ಯ ತಾನೇ ತನ್ನ ಹಣೆಯ ಅಕ್ಷರ ಕೆರೆದು, ಇಂಥ ಕೆಲಸ ಮಾಡಬೇಡಿ ಎಂದು ತನ್ನನ್ನು ಮಾಡಿದವರಿಗೇ ಬುದ್ಧಿ ಹೇಳುತ್ತಾನೆ. ಹೆಣ್ಣು ಗೋಲೆಮ್‌ಗೂ ಪೂರ್ವಜೆ ಉಂಟು. 11ನೆಯ ಶತಮಾನದ ಸ್ಪೇನಿನ ಕವಿ ಸೊಲೊಮನ್ ಇಬ್ನ್ ಗೆಬಿರೋಲ್ ಮರದ ತುಂಡುಗಳನ್ನು ಕೂಡಿಸಿ ಒಬ್ಬ ಸೇವಕಿಯನ್ನು ಮಾಡಿದ್ದರೆಂದೂ, ದೂರು ಹೋದಾಗ ಅಧಿಕಾರಿಗಳ ಎದುರು ಬಿಡಿಬಿಡಿಯಾಗಿ ಬಿಚ್ಚಿ ತೋರಿಸಿದರೆಂದೂ 17ನೆಯ ಶತಮಾನದ ಬರಹವೊಂದು ಹೇಳುತ್ತದೆ. ಗೋಲೆಮ್ ಮದುವೆ ಮಾತ್ರ ಕಾರ್ಟೂನಿನವರದೇ.

ಇವೆಲ್ಲ ತಮಾಷೆಯೆಂದು ಯಹೂದಿ ಪಂಡಿತರು ತಳ್ಳಿಹಾಕಲಿಲ್ಲ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕು. ಒಂಬತ್ತು ಜನರ ಜೊತೆ ಗೋಲೆಮ್ ನಿಂತರೆ ಲೆಕ್ಕಕ್ಕೆ ಬರುತ್ತಾನೆಯೇ? 18ನೆಯ ಶತಮಾನದ ಆರಂಭದಲ್ಲಿ ಹೆಲ್ಮ್ ರಬ್ಬಿಯ ವಂಶಜರೇ ಆದ ಝ್ವಿ ಅಶ್ಕೆನಾಜಿ ಈ ಪ್ರಶ್ನೆಯನ್ನು ಎತ್ತಿಕೊಂಡು ಇಲ್ಲ ಎಂದರು. ಲೆಕ್ಕಕ್ಕೆ ಬರುವಂತಿದ್ದರೆ ಝೇರಾ ಅವನನ್ನು ಮಣ್ಣಾಗಿಸುತ್ತಿರಲಿಲ್ಲ ಎಂಬುದು ವಾದ. 1965ರಲ್ಲಿ ಇಸ್ರೇಲಿನ ರೆಹೊವೊತ್‌ನಲ್ಲಿ ಹೊಸ ಕಂಪ್ಯೂಟರ್‌ಗೆ ‘ಗೋಲೆಮ್’ ಎಂದು ಹೆಸರಿಟ್ಟಾಗ, ವಿದ್ವಾಂಸ ಗೆರ್ಶೊಮ್ ಶೊಲೆಮ್ ಉದ್ಘಾಟನಾ ಭಾಷಣದಲ್ಲಿ ಅದನ್ನು ಪ್ರಾಗ್‌ನ ಗೋಲೆಮ್ ಜೊತೆ ಹೋಲಿಸಿದರು. ಚೀಟಿ ಎಂದರೆ ಆಜ್ಞೆ ಎಂಬ ಕಂತಿನ ಕಲ್ಪನೆ ನಮಗೆ ಅಷ್ಟು ಸಹಜವೆನ್ನಿಸುವುದು ನಾವು ಕಂಪ್ಯೂಟರ್ ಕಾಲದವರಾದ್ದರಿಂದ.

ಈಗ ಮಗಳ ಗೋಲೆಮ್. ಮೊದಲು, ದೇವರ ನಾಲ್ಕಕ್ಷರದ ಹೆಸರನ್ನು ಬರೆಯುವುದು ಬೇಡ. ಅದಿರುವ ಕಾಗದವನ್ನು ಯಹೂದಿಗಳು ಕಸಕ್ಕೆ ಹಾಕುವುದಿಲ್ಲ, ತೆಗೆದಿಟ್ಟು ಹೂಳುತ್ತಾರೆ. ಸಿನೆಮಾ ಮುಗಿದ ಮೇಲೆ ನಿಮ್ಮ ಚೀಟಿ ಬುಟ್ಟಿಗೆ ಹೋಗುತ್ತದೆ. ‘ಎಮೆತ್’ ಸಾಮಾನ್ಯ ಪದ, ಅಡ್ಡಿಯಿಲ್ಲ. ಹಣೆಯೋ ಚೀಟಿಯೋ ಒಂದನ್ನೇ ಆರಿಸಲಿ. ಎರಡೂ ಇದ್ದರೆ ಗೋಲೆಮ್ ಯಾವುದರಿಂದ ನಿಲ್ಲುತ್ತಾನೆಂದು ನೋಡುವವರಿಗೆ ಗೊಂದಲ.

ಹೀಬ್ರೂ ಬರೆಯುವುದು ಬಲದಿಂದ ಎಡಕ್ಕೆ. ‘ಎಮೆತ್’ನಲ್ಲಿ ಮೂರು ಅಕ್ಷರ: ನೋಡುವವರ ಬಲಗಡೆ ಅಲೆಫ್, ನಡುವೆ ಮೆಮ್, ಎಡತುದಿಗೆ ತಾವ್. ಅಲೆಫ್ ಓರೆಗೆರೆಗೆ ಎರಡು ಕೈ ಅಂಟಿಸಿದಂತೆ ಇರುತ್ತದೆ. ಅಳಿಸಬೇಕಾದದ್ದು ಅದನ್ನೇ. ನಾವು ಎಡದಿಂದ ಓದುವವರಾದ್ದರಿಂದ ಕೈ ತಾನಾಗಿ ತಾವ್ ಅಳಿಸಲು ಹೋಗುತ್ತದೆ. ಆಗ ಉಳಿಯುವ ಅಲೆಫ್-ಮೆಮ್ ‘ಸತ್ತ’ ಅಲ್ಲ, ‘ತಾಯಿ’ ಎಂಬ ಪದದ ಅರೆಬರೆ ರೂಪ. ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸಬಹುದು, ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ. ಹೀಬ್ರೂ ಕಷ್ಟವಾದರೆ ಕನ್ನಡದಲ್ಲೇ ಬರೆಯಲಿ. ‘ಎಮೆತ್’ನಲ್ಲಿ ‘ಎ’ ತೆಗೆದರೆ ‘ಮೆತ್’. ನಮ್ಮ ಲಿಪಿಯಲ್ಲೂ ಯುಕ್ತಿ ಕೆಲಸ ಮಾಡುತ್ತದೆ, ಎಡಗಡೆಯ ಅಕ್ಷರವೆಂಬುದಷ್ಟೇ ವ್ಯತ್ಯಾಸ.

ಕುಂಬಾರರ ಜೇಡಿಮಣ್ಣು ದೀಪದ ಬಿಸಿಗೆ ಒಣಗಿ ಬಿರುಕು ಬಿಡುತ್ತದೆ, ನಿನ್ನೆಯ ಮತ್ತು ಇಂದಿನ ಫೋಟೊದಲ್ಲಿ ಬಣ್ಣವೇ ಬೇರೆಯಾಗುತ್ತದೆ. ಒಣಗದ, ಎಣ್ಣೆ ಬೆರೆತ ಕ್ಲೇ ತಗೊಳ್ಳಿ. ಎತ್ತರ 15ರಿಂದ 18 ಸೆಂಟಿಮೀಟರ್ ಸಾಕು. ಒಳಗೆ ಎರಡೆಳೆ ಹೊಸೆದ ಅಲ್ಯೂಮಿನಿಯಂ ತಂತಿ ಹಾಕದಿದ್ದರೆ ಒಂದು ಕಾಲೆತ್ತಿದಾಗ ಮಗುಚುತ್ತಾನೆ. ಪಾದ ದಪ್ಪಗೆ, ಅಗಲವಾಗಿ ಇರಲಿ. ಅಕ್ಷರಗಳನ್ನು ಕಡ್ಡಿಯಿಂದ ಕೊರೆದರೆ ಅಳಿಸುವಾಗ ಹಣೆಯೇ ಕಲಸಿಹೋಗುತ್ತದೆ. ಬೇರೆ ಬಣ್ಣದ ಕ್ಲೇಯನ್ನು ದಾರದಷ್ಟು ಸಣ್ಣಗೆ ಹೊಸೆದು ಅಂಟಿಸಿದರೆ ಒಂದೊಂದು ಫೋಟೊಗೆ ಚೂರುಚೂರೇ ಕಿತ್ತು ಅಲೆಫ್ ಮಾಯವಾಗಿಸಬಹುದು. ಚೀಟಿಯ ದಾರಿ ಹಿಡಿದರೆ, ಒಂದೂವರೆ ಸೆಂಟಿಮೀಟರ್ ಅಗಲದ ಸೀಳುಬಾಯಿ ಮೊದಲೇ ಮಾಡಿ, ಒಳಗೆ ಚೂರು ಪ್ಲಾಸ್ಟಿಕ್ ಅಂಟಿಸಿ. ಇಲ್ಲವಾದರೆ ಕಾಗದ ಎಣ್ಣೆ ಹೀರಿ ಕಲೆಯಾಗುತ್ತದೆ.

ಸೆಕೆಂಡಿಗೆ 12 ಫೋಟೊ ಲೆಕ್ಕ. 20 ಸೆಕೆಂಡಿಗೆ 240. ಕಿಟಕಿಯ ಪರದೆ ಎಳೆದು ಒಂದೇ ದೀಪ ಇಡಿ, ಮೊಬೈಲ್‌ನ ಫೋಕಸ್ ಮತ್ತು ಬೆಳಕಿನ ಪ್ರಮಾಣ ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಚಿತ್ರ ಮಿಣುಕುತ್ತದೆ. ಮನುಷ್ಯನ ಒಂದು ಹೆಜ್ಜೆಗೆ 6 ಫೋಟೊ ಸಾಕು. ಗೋಲೆಮ್‌ಗೆ 12ರಿಂದ 14 ಕೊಡಿ. ತೂಕ ಕಾಣುವುದು ಈ ನಿಧಾನದಲ್ಲೇ. ಅಲೆಫ್ ಹೋದ ಮೇಲೆ ಕೂಡಲೇ ಬೀಳಿಸಬಾರದು. ಏನೂ ಅಲುಗದ 10-12 ಫೋಟೊ ತೆಗೆದು, ಆಮೇಲೆ ಮೊಣಕಾಲಿನಿಂದ ಕುಸಿಯಲು ಶುರುಮಾಡಲಿ. ದನಿ ಸೇರಿಸುವಾಗ ಹೆಜ್ಜೆಯ ಸದ್ದಷ್ಟೇ ಇರಲಿ. ಅವನು ಮಾತಾಡಲೇಬೇಕೆಂದು ಮಗಳು ಪಟ್ಟು ಹಿಡಿದರೆ, ಲೀಸಾ ಮಾಡಿದಂತೆ ‘ಮಾತಾಡು’ ಎಂಬ ಚೀಟಿ ಬಾಯಿಗೆ ಹೋಗುವುದನ್ನು ಮೊದಲು ತೋರಿಸಿ.